ಲಾಯದವನ ಕೋಟು

ಮಧ್ಯಾಹ್ನದ ಮೇಲೆ ಅವನು ಕನ್ನಡಕದ ಮೂರು ಗಾಜು ಹಾಳು ಮಾಡಿದ. ಒಂದರ ಅಂಚು ಚಕ್ಕೆ ಎದ್ದಿತು. ಇನ್ನೊಂದು ಎಡಗಣ್ಣಿನದು, ಅದನ್ನು ಬಲಗಣ್ಣಿನ ಅಳತೆಗೆ ಉಜ್ಜಿಬಿಟ್ಟ. ಮೂರನೆಯದು ಹೇಗೆ ಹಾಳಾಯಿತೆಂದು ಅವನಿಗೇ ತಿಳಿಯಲಿಲ್ಲ. ಸಾಣೆಯ ಚಕ್ರ ತಿರುಗುತ್ತಿತ್ತು, ಅದರ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಬೆರಳುಗಳು ಗಾಜನ್ನು ಹಿಡಿದೇ ಇದ್ದವು, ಅವನು ಮಾತ್ರ ಅಲ್ಲಿರಲಿಲ್ಲ. ಅವನು ಆಗಲೇ ಮೇಷ್ಟ್ರ ಮನೆಯ ಬಾಗಿಲಲ್ಲಿ ನಿಂತು, ಕೇಳಬೇಕಾದ ಮಾತನ್ನು ಬಾಯೊಳಗೆ ಹೊರಳಿಸುತ್ತಿದ್ದ. 'ಅಮ್ಮಾ, ಕೋಟಿಗೆ ಅಂತ ಬಂದೆ.' ಛೆ, ಇದು ಇಸ್ತ್ರಿ ಅಂಗಡಿಯವನ ಮಾತು. 'ಅಮ್ಮಾ, ಮೇಷ್ಟ್ರು ಹೇಗಿದಾರೆ?' ಇದು ಸರಿ. ಆದರೆ ಇದಾದ ಮೇಲೆ ಕೋಟಿನ ಮಾತಿಗೆ ಬರುವುದು ಹೇಗೆ? ಹೇಗಿದ್ದಾರೆಂದು ಕೇಳಿ, ಹೀಗೇ ಇದ್ದಾರೆಂದು ಅವರು ಹೇಳಿದ್ದನ್ನು ಕೇಳಿಸಿಕೊಂಡು, ಹಾಗಾದರೆ ಕೋಟು ಕೊಡಿ ಎನ್ನುವುದೆ?

ಗಾಜಿನ ಗೋಡೆಯ ಆಚೆಯಿಂದ ಮಾಲೀಕ ಬಂದು ಕಸದ ಡಬ್ಬಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದ. "ಏನ್ರೀ, ಕನ್ನಡಕ ಮಾಡ್ತಿದೀರೋ, ಗಾಜಿನ ಪುಡಿ ಮಾಡ್ತಿದೀರೋ?" ಬೇಗ ಹೊರಡಬೇಕು ಎಂದು ಬೆಳಿಗ್ಗೆಯಿಂದ ಕೇಳಬೇಕೆಂದುಕೊಂಡು ಅವನು ಕೇಳಿರಲಿಲ್ಲ. ಕೇಳುವುದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಸಿಗುವುದಿಲ್ಲವೆಂದು ಗೊತ್ತಿದ್ದೂ ಈಗಲೇ ಕೇಳಿಬಿಟ್ಟ. ಜೀವನದಲ್ಲಿ ಅವನ ಎಲ್ಲ ಬೇಡಿಕೆಗಳೂ ಇಂಥ ಗಳಿಗೆಯನ್ನೇ ಹುಡುಕಿಕೊಂಡು ಹೊರಬೀಳುತ್ತಿದ್ದವು. "ಹೋಗಿ, ಹೋಗಿ. ದಂಡನಾಯಕರು ಕಾಯ್ತಿರ್ತಾರೆ, ತಡ ಆದ್ರೆ ಫಿರಂಗಿ ಬಾಯಿಗೆ ಕಟ್ಟಿಸ್ತಾರೆ" ಎಂದ ಮಾಲೀಕ. ಕೌಂಟರಿನ ಹತ್ತಿರ ಚೌಕಟ್ಟು ಆರಿಸುತ್ತಿದ್ದ ಗಂಡಹೆಂಡಿರಿಬ್ಬರು, ವಿಷಯ ಏನೆಂದು ತಿಳಿಯದಿದ್ದರೂ, ನಕ್ಕರು. ಅವನೂ ನಕ್ಕ. ನಕ್ಕದ್ದಕ್ಕೆ ಆಮೇಲೆ ತನ್ನ ಮೇಲೆಯೇ ಸಿಟ್ಟು ಬಂತು.

ಈ ಅಂಗಡಿಯಲ್ಲಿ ಅವನ ಮುಖವನ್ನು ಸರಿಯಾಗಿ ನೋಡಿದವರು ಕಡಿಮೆ. ಅದಕ್ಕೆ ಕಾರಣ ಯಾರ ಸೊಕ್ಕೂ ಅಲ್ಲ. ಕಡ್ಡಿ ಸಡಿಲವಾಗಿದೆ, ಮೂಗಿನ ಮೇಲೆ ನಿಲ್ಲುತ್ತಿಲ್ಲ ಎಂದು ಬಂದವರು ಕನ್ನಡಕವನ್ನು ತೆಗೆದು ಅವನ ಕೈಗೆ ಕೊಡುತ್ತಾರೆ. ಕೊಟ್ಟ ಮೇಲೆ ಅವರಿಗೆ ಅವನು ಒಂದು ಮಬ್ಬು ಆಕಾರ. ಅವನು ತಿರುಪು ಬಿಗಿದು ಕೊಟ್ಟ ಕನ್ನಡಕವನ್ನು ಹಾಕಿಕೊಂಡ ಕೂಡಲೇ ಅವರು ನೋಡುವುದು ಕನ್ನಡಿಯನ್ನು. ಮೇಷ್ಟ್ರು ಮಾತ್ರ ಹಾಗೆ ಮಾಡಲಿಲ್ಲ. ಭೂಗೋಳ ಕಲಿಸಿ ನಿವೃತ್ತರಾದವರು. ಕನ್ನಡಕ ಹಾಕಿಕೊಂಡು, ಕನ್ನಡಿಯ ಕಡೆ ತಿರುಗದೆ, ಅವನನ್ನೇ ಮೇಲಿಂದ ಕೆಳಗೆ ನೋಡಿ, ಚಕ್ರದ ಪಕ್ಕದಲ್ಲಿ ಬೋರಲು ಹಾಕಿದ್ದ ಪುಸ್ತಕವನ್ನು ನೋಡಿ, "ಓಹೋ, ನಮ್ಮವರೇ" ಎಂದಿದ್ದರು. ದಂಡನಾಯಕನ ಮೇಲಿನ ಅಗ್ಗದ ಪುಸ್ತಕ ಅದು, ರಟ್ಟು ಕಿತ್ತು ಹೋಗಿತ್ತು. 'ನಮ್ಮವರೇ' ಎಂಬ ಆ ಒಂದು ಮಾತನ್ನು ಅವನು ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ಚಪ್ಪರಿಸಿದ. ಯಾರಿಗಾದರೂ 'ನಮ್ಮವ' ಆಗಿ ಎಷ್ಟು ಕಾಲವಾಗಿತ್ತು? ಅಣ್ಣನಿಗೆ ಅವನು 'ನಮ್ಮ ಕನ್ನಡಕದೋನು', ಅಷ್ಟೇ. ಅದರಲ್ಲೂ 'ನಮ್ಮ' ಇತ್ತು, ಆದರೆ ಅದು ಬೇರೆ.

ದಂಡನಾಯಕ ಸತ್ತು ಇನ್ನೂರು ವರ್ಷವಾಗಿತ್ತು. ಹಿಮ ಬೀಳುತ್ತಿದ್ದ ಒಂದು ದಿನ, ಹಿಂದೆ ಸರಿಯುತ್ತಿದ್ದ ತನ್ನ ಸೈನ್ಯವೆಲ್ಲ ನದಿ ದಾಟುವವರೆಗೆ, ಇಪ್ಪತ್ತೊಂದು ಜನರನ್ನು ಇಟ್ಟುಕೊಂಡು ಸೇತುವೆಯ ಬಾಯಲ್ಲಿ ನಿಂತವನು ಅವನು. ಶಾಲೆಯ ಮಕ್ಕಳಿಗೂ ಗೊತ್ತಿರುವ ಕತೆ. ಆದರೆ ಓದುವಾಗ ಕನ್ನಡಕದವನನ್ನು ಹಿಡಿದು ನಿಲ್ಲಿಸಿದ್ದು ಸೇತುವೆಯಲ್ಲ. ದಂಡನಾಯಕನಿಗೆ ತನ್ನ ಕೈಕೆಳಗಿನ ಪ್ರತಿಯೊಬ್ಬನ ಹೆಸರೂ ಗೊತ್ತಿತ್ತಂತೆ. ಹೆಸರಷ್ಟೇ ಅಲ್ಲ, ಯಾರಿಗೆ ಹಲ್ಲುನೋವು, ಯಾರ ತಾಯಿಗೆ ಹುಷಾರಿಲ್ಲ ಎಲ್ಲ. ಆ ಪುಟವನ್ನು ಅವನು ಎಷ್ಟು ಸಲ ಓದಿದ್ದನೆಂದರೆ ಅದೊಂದು ಪುಟ ಮಾತ್ರ ಪುಸ್ತಕದಿಂದ ಸಡಿಲವಾಗಿ ಹೊರಗಿಣುಕುತ್ತಿತ್ತು.

ಅಭಿಮಾನಿ ಮಂಡಳಿಯಲ್ಲೂ ಇಪ್ಪತ್ತೊಂದೇ ಜನ. ಹೆಚ್ಚಿಲ್ಲ, ಕಡಿಮೆಯಿಲ್ಲ. ಸೇತುವೆಯ ಮೇಲೆ ನಿಂತ ಒಬ್ಬೊಬ್ಬನ ಸ್ಥಾನ ಒಬ್ಬೊಬ್ಬರಿಗೆ: ಒಬ್ಬರು ಬಾವುಟದವರು, ಒಬ್ಬರು ಕಹಳೆಯವರು, ಒಬ್ಬರು ಅಡುಗೆಯವರು. ಮೇಷ್ಟ್ರು ಲಾಯದವರು, ಕುದುರೆ ನೋಡಿಕೊಳ್ಳುವವನ ಸ್ಥಾನ. ಒಂದೊಂದು ಸ್ಥಾನಕ್ಕೂ ಒಂದು ಕೋಟು, ನೀಲಿ ಉಣ್ಣೆಯದು, ಹಿತ್ತಾಳೆ ಗುಂಡಿ, ಅಪ್ಪಂದಿರ ಕಾಲದಲ್ಲಿ ಹೊಲಿಸಿದ್ದು. ಸದಸ್ಯ ಬದಲಾದರೂ ಕೋಟು ಬದಲಾಗದು. ಹೊಸಬ ತಾನಾಗಿ ಹೋಗಿ ಹಳಬರಿಂದ ಅದನ್ನು ಕೇಳಿ ಪಡೆಯಬೇಕು, ಹಳಬರು ಕೈಯಾರೆ ಕೊಡಬೇಕು, ಅವರಿಲ್ಲದಿದ್ದರೆ ಮನೆಯವರು. ಮೂರು ಸಭೆಗೆ ಒಬ್ಬರು ಬರದಿದ್ದರೆ ಸ್ಥಾನ ಖಾಲಿಯೆಂದೇ ಲೆಕ್ಕ, ಏಕೆಂದರೆ ಸೇತುವೆಯ ಮೇಲೆ ಕಂಡಿ ಇರಕೂಡದು. ಮೇಷ್ಟ್ರೇ ಅವನ ಹೆಸರನ್ನು ಸೂಚಿಸಿದವರು. "ಜಾಗ ಆಗ್ಲಿ, ಕಾಯ್ತಿರು. ನಮ್ಮಲ್ಲಿ ಯಾರೂ ಅಷ್ಟು ಬೇಗ ಸಾಯಲ್ಲ" ಎಂದು ಅವರು ಕಣ್ಣು ಮಿಟುಕಿಸಿದ್ದರು. ಹಾಗೆ ಅವನು ಮೂರು ವರ್ಷ ಹೊರಗಿನ ಬೆಂಚಿನ ಮೇಲೆ ಕೂತು, ತೆರೆದ ಬಾಗಿಲಿನಿಂದ ಒಳಗಿನ ಮಾತು ಕೇಳಿಸಿಕೊಂಡು, ಸಭೆ ಮುಗಿದ ಮೇಲೆ ಕುರ್ಚಿ ಮಡಚಿಟ್ಟು ಬರುತ್ತಿದ್ದ. ಬೆಂಚಿನ ಮೇಲೆ ಅವನ ಜೊತೆ ಒಬ್ಬ ವಕೀಲನೂ ಇದ್ದ. ವಕೀಲ ಕುರ್ಚಿ ಮಡಚುತ್ತಿರಲಿಲ್ಲ.

ಮಂಡಳಿಯ ಅಧ್ಯಕ್ಷರು ಹಲ್ಲಿನ ಡಾಕ್ಟರು. ಎರಡು ತಿಂಗಳ ಹಿಂದೆ ಅವರೇ ಅಂಗಡಿಗೆ ಬಂದು, ಚೌಕಟ್ಟುಗಳ ಮೇಲೆ ಕಣ್ಣಾಡಿಸುತ್ತಾ, "ಗೊತ್ತಾಯ್ತಾ, ಮೇಷ್ಟ್ರಿಗೆ ಲಕ್ವ ಹೊಡೀತು. ಬಲಭಾಗ ಪೂರ್ತಿ ಹೋಗಿದೆ, ಮಾತೂ ಇಲ್ಲ" ಎಂದಿದ್ದರು. ಅವನು "ಅಯ್ಯೋ" ಎಂದ. ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಎಂದ. ಯಾಕೆಂದರೆ ಅಯ್ಯೋ ಬರುವ ಮೊದಲೇ ಇನ್ನೊಂದು ಬಂದುಹೋಗಿತ್ತು. ಎದೆಯಲ್ಲಿ ಏನೋ ಪುಟ್ಟದಾಗಿ ಕುಣಿದಿತ್ತು. ಜಾಗ ಆಯಿತು ಎಂದು ಅವನೇನೂ ಯೋಚಿಸಿರಲಿಲ್ಲ, ಯೋಚನೆಗೆ ಮುಂಚೆಯೇ ಮೈ ತಾನಾಗಿ ಸಂತೋಷಪಟ್ಟಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಅವನು ತನ್ನ ಕೈಗಳನ್ನು ಬೇರೆಯವರದೆಂಬಂತೆ ನೋಡಿದ. ಮಾರನೆಯ ದಿನವೇ ಮೇಷ್ಟ್ರನ್ನು ನೋಡಲು ಹೋಗಬೇಕೆಂದುಕೊಂಡ. ಹೋದರೆ ಕೋಟಿನ ಮೇಲೆ ಕಣ್ಣಿಟ್ಟು ಬಂದ ಹಾಗೆ ಕಾಣುತ್ತದಲ್ಲವೆ ಎಂದು ಹೋಗಲಿಲ್ಲ. ಒಂದು ವಾರ ಬಿಟ್ಟರೆ ಚೆನ್ನ ಎನಿಸಿತು. ವಾರ ಬಿಟ್ಟ ಮೇಲೆ, ಇಷ್ಟು ದಿನ ಬಿಟ್ಟು ಯಾವ ಮುಖ ಹೊತ್ತು ಹೋಗುವುದು ಎನಿಸಿತು. ಹೀಗೆ ಮರ್ಯಾದೆಯ ಮಾತು ಆಡಿಕೊಂಡೇ ಎರಡು ತಿಂಗಳು ಕಳೆದಿದ್ದ. ಇವತ್ತು ಮೂರನೆಯ ಸಭೆ, ಆರು ಗಂಟೆಗೆ. "ಕೋಟು ತಂದ್ರೆ ನೀವು, ಇಲ್ದಿದ್ರೆ ವಕೀಲರು ಹೋಗಿ ತರ್ತಾರೆ. ಅವರಿಗೆ ಸಂಕೋಚ ಗಿಂಕೋಚ ಇಲ್ಲ" ಎಂದು ಹಲ್ಲಿನ ಡಾಕ್ಟರು ನಿನ್ನೆ ಫೋನಿನಲ್ಲಿ ನಯವಾಗಿಯೇ ಹೇಳಿದ್ದರು.

ಬೆಳಿಗ್ಗೆ ಹೆಂಡತಿ ತಲೆ ಬಾಚಿಕೊಳ್ಳುತ್ತಾ ಕೇಳಿದ್ದಳು, "ಏನ್ರೀ, ಬದುಕಿರೋ ಮನುಷ್ಯನ ಮೈಮೇಲಿನ ಬಟ್ಟೆ ಕೇಳೋಕೆ ಹೋಗ್ತಿದೀರಾ?" ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೂರುವವಳು ಅವಳು. ದಿನವಿಡೀ ಜನರ ಅಳು ಕೇಳಿಸಿಕೊಂಡು ಅವಳ ಮಾತಿನಲ್ಲಿ ಸುತ್ತುಬಳಸು ಉಳಿದಿರಲಿಲ್ಲ.

"ಮೈಮೇಲೆಲ್ಲಿದೆ, ಬೀರುವಲ್ಲಿರುತ್ತೆ" ಎಂದ ಅವನು.

"ಮೂರು ವರ್ಷ ಒದ್ದಾಡಿದ್ದಕ್ಕೆ ಕುದುರೆ ಮೈ ತೊಳೆಯೋ ಕೆಲ್ಸಾನಾ ಸಿಕ್ಕಿದ್ದು?"

"ಕುದುರೆ ಏನೂ ಇರಲ್ಲ ಅಲ್ಲಿ. ಮಾತಾಡ್ತಾರೆ, ಅಷ್ಟೇ."

"ಗೊತ್ತು ಬಿಡಿ" ಎಂದು ಅವಳು ನಕ್ಕಳು. ಬಾಗಿಲ ಹತ್ತಿರ ಹೋದವಳು ತಿರುಗಿ, ನಗು ಬಿಟ್ಟು ಹೇಳಿದಳು, "ಅವರು ಕೊಡಲ್ಲ ಅಂದ್ರೆ ಸುಮ್ನೆ ಬಂದುಬಿಡಿ. ಆಯ್ತಾ? ಕಾಡಬೇಡಿ." ಅವನು ಆಯ್ತು ಎಂದ. ಅವನು ಯಾರನ್ನಾದರೂ ಕಾಡಿದ್ದುಂಟೆ? ಅವಳೇಕೆ ಹಾಗೆಂದಳು? ಈಗ ಅಂಗಡಿಯಲ್ಲಿ ಗಾಜಿನ ಪುಡಿ ಅಂಟಿದ ಬೆರಳುಗಳನ್ನು ನಲ್ಲಿಯ ಕೆಳಗೆ ಹಿಡಿದಾಗಲೂ ಅವನು ಅದನ್ನೇ ಕೇಳಿಕೊಳ್ಳುತ್ತಿದ್ದ.

ಮೇಷ್ಟ್ರ ಮನೆಗೆ ಬಸ್ಸಿನಲ್ಲಿ ಹತ್ತು ನಿಮಿಷ. ಅವನು ನಡೆದೇ ಹೊರಟ. ತಡವಾದರೆ ತಡವಾದದ್ದೇ ಒಂದು ನೆಪವಾದೀತೆಂದು ಒಂದು ಮನಸ್ಸು, ವಕೀಲ ಆಗಲೇ ಅಲ್ಲಿಗೆ ಹೋಗಿ ಕೂತಿದ್ದರೆ ಎಂದು ಇನ್ನೊಂದು ಮನಸ್ಸು. ಮೊದಲನೆಯದು ಕಾಲನ್ನು ಹಿಂದಕ್ಕೆಳೆದರೆ ಎರಡನೆಯದು ಬೆನ್ನಿಗೆ ತಳ್ಳುತ್ತಿತ್ತು. ಬೀಗ ರಿಪೇರಿಯ ಅಂಗಡಿ, ಸೈಕಲ್ಲುಗಳ ಸಾಲು, ಬಾಡಿಗೆಗಿದೆ ಎಂಬ ಬೋರ್ಡು ನೇತುಹಾಕಿದ ಕಿಟಕಿ. ಹಣ್ಣಿನ ಅಂಗಡಿಯ ಮುಂದೆ ನಿಂತ. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದು. ಹಾಗೆಂದು ಹಣ್ಣು ಕೊಟ್ಟು ಕೋಟು ತೆಗೆದುಕೊಂಡು ಬಂದರೆ? ಹಣ್ಣಿಗೆ ಕೋಟು. ವ್ಯಾಪಾರವಾಯಿತು. ಅಂಗಡಿಯವಳು "ಏನ್ ಬೇಕು ಹೇಳಿ" ಎಂದು ಎರಡು ಸಲ ಕೇಳಿದ ಮೇಲೆ ಅವನು ಏನೂ ಬೇಡವೆಂದು ತಲೆಯಾಡಿಸಿ ಮುಂದೆ ಹೋದ. ಹತ್ತು ಮಾರು ಹೋಗಿ ತಿರುಗಿ ಬಂದು ಕಿತ್ತಳೆ ಕೊಂಡ. ಮೇಷ್ಟ್ರು ನುಂಗಬಲ್ಲರೇ ಎಂಬುದು ಹೊಳೆದದ್ದು ಅವರ ಮನೆಯ ಮೆಟ್ಟಿಲ ಮೇಲೆ.

ಬಾಗಿಲು ತೆರೆದವರು ಮೇಷ್ಟ್ರ ಹೆಂಡತಿ. ಕೈಯಲ್ಲಿ ಹಿಂಡಿದ ಬಟ್ಟೆಯಿತ್ತು. ಅವನನ್ನು ನೋಡಿ ಆಶ್ಚರ್ಯವನ್ನೂ ತೋರಿಸಲಿಲ್ಲ, ಸಿಟ್ಟನ್ನೂ ತೋರಿಸಲಿಲ್ಲ. "ಬಾಪ್ಪ. ಈಗ ದಾರಿ ಗೊತ್ತಾಯ್ತಾ?" ಎಂದರು.

"ಅಂಗಡಿಲಿ ರಜೆ ಸಿಗ್ಲಿಲ್ಲ ಅಮ್ಮಾ."

"ಹೂಂ. ಎಲ್ರಿಗೂ ಕೆಲಸ." ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡರು. "ದಿನಾ ಸಂಜೆ ಬಾಗಿಲ ಕಡೇನೇ ನೋಡ್ತಿರ್ತಾರೆ. ನೀನೇ ಬರ್ತೀಯ ಅಂತಲ್ಲ. ಯಾರಾದ್ರೂ ಬರ್ತಾರೆ ಅಂತ. ನಿಮ್ಮ ಸಂಘದೋರು ಒಬ್ರೂ ಈ ಕಡೆ ತಲೆ ಹಾಕಿಲ್ಲ." ಅವರು ಕಿತ್ತಳೆಯ ಚೀಲ ತೆಗೆದುಕೊಂಡು ಇಣುಕಿ ನೋಡಿ ಮೇಜಿನ ಮೇಲಿಟ್ಟರು. ಅಲ್ಲಿ ಗಂಜಿಯ ಬಟ್ಟಲು, ಉದ್ದ ಮೂತಿಯ ಲೋಟ, ಔಷಧಿಯ ಬಾಟಲಿ ಇದ್ದವು. ಕಿತ್ತಳೆ ಅವುಗಳ ನಡುವೆ ತೀರ ದುಂಡಗೆ, ತೀರ ಬಣ್ಣಬಣ್ಣವಾಗಿ ಕಂಡಿತು. ಅವನಿಗೆ ನಾಚಿಕೆಯಾಯಿತು.

"ಸಂಜೆ ಸಭೆ ಇದೆ ಅಮ್ಮಾ" ಎಂದ. ಕಲಿತುಕೊಂಡು ಬಂದಿದ್ದ ಮಾತೆಲ್ಲ ಎಲ್ಲೋ ಹೋಗಿತ್ತು. "ಮೇಷ್ಟ್ರ ಜಾಗ... ಮೂರು ಸಭೆ ಆಯ್ತು ಅಂತ..."

"ಕೋಟಿಗೆ ಬಂದಿದೀಯ" ಎಂದರು ಅವರು.

"ಅವರು ಕೊಟ್ರೆ ಮಾತ್ರ."

"ಕೊಡೋದು ಬಿಡೋದು ಅವರಿಗೇನು ಗೊತ್ತಾಗತ್ತೋ ನಂಗೇ ಗೊತ್ತಾಗ್ತಿಲ್ಲ. ತಗೊಂಡು ಹೋಗು. ನಲವತ್ತು ವರ್ಷ ಅದಕ್ಕೆ ಬ್ರಷ್ ಹಾಕಿ ಹಾಕಿ ನಂಗೂ ಸಾಕಾಗಿದೆ. ಒಳಗಿದಾರೆ, ಬಾ."

ಕೋಟು ಬೀರುವಿನಲ್ಲಿರಲಿಲ್ಲ. ಮೇಷ್ಟ್ರು ಕಿಟಕಿಯ ಪಕ್ಕ ದಿಂಬುಗಳ ನಡುವೆ ಕುರ್ಚಿಯಲ್ಲಿದ್ದರು, ಕೋಟು ಅವರ ತೊಡೆಯ ಮೇಲೆ ಹೊದಿಕೆಯಾಗಿತ್ತು. ನೀಲಿ ತೋಳೊಂದು ನೆಲ ಮುಟ್ಟುತ್ತಿತ್ತು. ಅವರ ಬಲಗೈ ಅದರ ಮೇಲೆ ಯಾರೋ ಇಟ್ಟು ಮರೆತ ವಸ್ತುವಿನ ಹಾಗೆ ಬಿದ್ದಿತ್ತು. ಎಡಗೈ ಕೋಟಿನ ಕೊರಳಪಟ್ಟಿಯನ್ನು ಹಿಡಿದಿತ್ತು. ಬಾಯಿಯ ಒಂದು ಕಡೆ ಕೆಳಗೆ ಜಾರಿ, ಮುಖ ಯಾವುದೋ ಮಾತಿಗೆ ಅರ್ಧ ಅಸಹ್ಯಪಟ್ಟಂತೆ ನಿಂತುಹೋಗಿತ್ತು. ಕನ್ನಡಕ ಇರಲಿಲ್ಲ. ಅವನು ಮೊದಲು ಗಮನಿಸಿದ್ದು ಅದನ್ನೇ. ಮೂಗಿನ ಎರಡೂ ಬದಿಯಲ್ಲಿ ಚೌಕಟ್ಟು ಕೂತ ಕಲೆ ಮಾತ್ರ ಉಳಿದಿತ್ತು. "ಕಾಲಿಗೆ ಚಳಿ ಅಂತ ಹೊದಿಸ್ತೀನಿ" ಎಂದು ಹೆಂಡತಿ ಹೇಳಿ, ಗಂಡನ ಕಿವಿಯ ಹತ್ತಿರ ಬಾಗಿ ಜೋರಾಗಿ, "ನೋಡಿ, ಯಾರು ಬಂದಿದಾರೆ. ಕನ್ನಡಕದೋರು. ನಿಮ್ಮ ಕೋಟು ಕೇಳ್ತಿದಾರೆ, ಕೊಟ್ಬಿಡಿ" ಎಂದರು. ಮಕ್ಕಳ ಕೈಯಿಂದ ಆಟದ ಸಾಮಾನು ಬಿಡಿಸುವಾಗ ಹೇಳುವ ದನಿ. ಮೇಷ್ಟ್ರ ಕಣ್ಣು ಅವನ ಕಡೆ ತಿರುಗಿತು. ಕನ್ನಡಕವಿಲ್ಲದ ಆ ಕಣ್ಣಿಗೆ ತಾನು ಕಾಣುತ್ತಿರುವೆನೋ, ಬಾಗಿಲ ಬೆಳಕಿಗೆ ಅಡ್ಡ ನಿಂತ ಒಂದು ಆಕಾರವೋ ಎಂದು ಅವನಿಗೆ ತಿಳಿಯಲಿಲ್ಲ. ಕನ್ನಡಕ ಎಲ್ಲಿದೆ ಎಂದು ಕೇಳಬಹುದಿತ್ತು. ಮೇಜಿನ ಮೇಲೋ ದಿಂಬಿನ ಕೆಳಗೋ ಇದ್ದೇ ಇರುತ್ತಿತ್ತು. ಅವನೇ ಅದನ್ನು ಒರೆಸಿ ಹಾಕಬಹುದಿತ್ತು. ಊರೆಲ್ಲರ ಮೂಗಿನ ಮೇಲೆ ಕನ್ನಡಕ ಕೂರಿಸುವುದೇ ಅವನ ಕೆಲಸ. ಅವನು ಕೇಳಲಿಲ್ಲ.

"ಮೇಷ್ಟ್ರೇ" ಎಂದ. "ಮೇಷ್ಟ್ರೇ, ನೀವು ಹೇಳಿದ್ರಲ್ಲ, ಜಾಗ ಆಗ್ಲಿ ಅಂತ." ಹೇಳಿದ ಮೇಲೆ ಇದೆಂಥ ಮಾತು ಎನಿಸಿ ನಾಲಿಗೆ ಕಚ್ಚಿಕೊಂಡ. ಅವನು ಬಗ್ಗಿ ಕೋಟಿನ ಅಂಚನ್ನು ಹಿಡಿದು, ಎಳೆದನೆಂದು ಹೇಳಲಾಗದಷ್ಟು ಮೆಲ್ಲಗೆ, ಎಳೆದ. ಎಡಗೈ ಬಿಡಲಿಲ್ಲ. ಇನ್ನೂ ಸ್ವಲ್ಪ ಎಳೆದ. ಮೇಷ್ಟ್ರ ಬೆರಳ ಗೆಣ್ಣುಗಳು ಬೆಳ್ಳಗಾದವು.

"ಅದು ಬೇಕು ಅಂತ ಹಿಡ್ಕೊಂಡಿರೋದಲ್ಲಪ್ಪ" ಎಂದರು ಹೆಂಡತಿ ಹಿಂದಿನಿಂದ. "ಆ ಕೈ ಏನು ಸಿಕ್ಕಿದ್ರೂ ಹಿಡ್ಕೊಳ್ಳತ್ತೆ, ಚಮಚ ಸಿಕ್ಕಿದ್ರೆ ಚಮಚ. ಆಸ್ಪತ್ರೆ ಡಾಕ್ಟ್ರೂ ಹಂಗೇ ಹೇಳಿದ್ರು. ಬಿಡಿಸ್ಕೋ." ಹಾಗೆಂದವರು ಅಲ್ಲಿ ನಿಲ್ಲಲಿಲ್ಲ. ಒಲೆಯ ಮೇಲೆ ಏನೋ ಇದೆಯೆಂದು ಒಳಗೆ ಹೋದರು. ಪಾತ್ರೆಯ ಸದ್ದಾಗಲಿಲ್ಲ, ನಲ್ಲಿಯ ಸದ್ದಾಗಲಿಲ್ಲ. ಅಡುಗೆಮನೆಯಲ್ಲಿ ಅವರು ಸುಮ್ಮನೆ ನಿಂತಿದ್ದಾರೆಂದು ಅವನಿಗೆ ಗೊತ್ತಾಯಿತು.

ಕಿಟಕಿಯ ಹೊರಗೆ ಯಾರೋ ಗೋಡೆಗೆ ಚೆಂಡು ಹೊಡೆಯುತ್ತಿದ್ದರು. ಗಡಿಯಾರದಲ್ಲಿ ಐದೂಕಾಲು ದಾಟಿತ್ತು. ಬಿಟ್ಟು ಹೋಗಬಹುದು ಎಂದುಕೊಂಡ. ಕೊಡಲಿಲ್ಲ, ಬಂದುಬಿಟ್ಟೆ ಎಂದು ತನ್ನ ಹೆಂಡತಿಗೆ ಹೇಳಬಹುದು, ಅವಳು ಒಳ್ಳೇದಾಯ್ತು ಎಂದು ತಟ್ಟೆ ಹಾಕುತ್ತಾಳೆ. ನಾಳೆ ಬೆಳಿಗ್ಗೆ ಮಾಲೀಕ, ಏನ್ರೀ ದಂಡನಾಯಕರು ಏನಂದ್ರು ಎನ್ನುತ್ತಾನೆ. ವಕೀಲ ಬರುತ್ತಾನೆ. ವಕೀಲನಿಗೆ ಹೀಗೆಲ್ಲ ಆಗುವುದಿಲ್ಲ. ಅವನು ಎರಡು ಮಾತಿನಲ್ಲಿ ಕೆಲಸ ಮುಗಿಸಿ, ಹೆಗಲಿಗೆ ಕೋಟು ಹಾಕಿಕೊಂಡು, ಶಿಳ್ಳೆ ಹೊಡೆಯುತ್ತಾ ಮೆಟ್ಟಿಲಿಳಿಯುತ್ತಾನೆ. ಹೇಗೂ ಹೋಗುವ ಕೋಟು. ಪ್ರೀತಿಯಿಂದ ತೆಗೆದುಕೊಳ್ಳುವವನ ಕೈಗೆ ಹೋದರೆ ಮೇಷ್ಟ್ರಿಗೂ ಸಮಾಧಾನವಲ್ಲವೆ? ತಾನು ಪ್ರೀತಿಯಿಂದಲೇ ತೆಗೆದುಕೊಳ್ಳುತ್ತಿದ್ದೇನೆ ಎಂದು ಅವನು ತನಗೆ ಹೇಳಿಕೊಂಡ, ಹೇಳಿಕೊಳ್ಳುತ್ತಲೇ ಕಿರುಬೆರಳಿನಿಂದ ಶುರು ಮಾಡಿದ. ಬೆರಳು ತಣ್ಣಗಿತ್ತು, ಎಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಕಿರುಬೆರಳನ್ನು ಬಿಡಿಸಿ ಉಂಗುರದ ಬೆರಳಿಗೆ ಹೋಗುವಷ್ಟರಲ್ಲಿ ಕಿರುಬೆರಳು ಮತ್ತೆ ಮಡಚಿಕೊಂಡಿತು. ಆಗ ತನ್ನ ಎಡಗೈಯಿಂದ ಅದನ್ನು ಒತ್ತಿ ಹಿಡಿದು, ಬಲಗೈಯಿಂದ ಮುಂದಿನದನ್ನು ಬಿಡಿಸಿದ. ತಿರುಪು ಬಿಗಿದೂ ಬಿಚ್ಚಿಯೂ ಪಳಗಿದ ಕೈ. ಕೆಲಸ ಒಮ್ಮೆ ಹಿಡಿತಕ್ಕೆ ಸಿಕ್ಕ ಮೇಲೆ ನಾಜೂಕಾಗಿ, ಅಚ್ಚುಕಟ್ಟಾಗಿ ನಡೆಯಿತು. ಮೇಷ್ಟ್ರ ಗಂಟಲಿನಿಂದ ಒಂದು ಸದ್ದು ಬಂತು. ಮಾತಲ್ಲ, ನರಳಿಕೆಯೂ ಅಲ್ಲ. ಅವನು ತಲೆಯೆತ್ತಲಿಲ್ಲ. ಹೆಬ್ಬೆರಳೂ ಬಿಟ್ಟಿತು. ಕೋಟು ಅವನ ಕೈಗೆ ಬಂತು, ಮೇಷ್ಟ್ರ ತೊಡೆಯ ಬಿಸಿ ಅದರಲ್ಲಿನ್ನೂ ಇತ್ತು.

ಖಾಲಿಯಾದ ಕೈ ಗಾಳಿಯಲ್ಲಿ ಎರಡು ಸಲ ಮುಚ್ಚಿ ತೆರೆಯಿತು. ಹುಡುಕಿತು. ಅವನು ಕುರ್ಚಿಯಲ್ಲಿದ್ದ ಕಂಬಳಿಯನ್ನೆಳೆದು ಅವರ ಕಾಲಿಗೆ ಹೊದಿಸಲೆಂದು ಬಗ್ಗಿದಾಗ ಆ ಕೈ ಅವನ ಮಣಿಕಟ್ಟನ್ನು ಹಿಡಿದುಕೊಂಡಿತು.

ಅವನು ಹಾಗೇ ನಿಂತ. ಕೋಟನ್ನು ಹಿಡಿದ ಹಿಡಿತವಲ್ಲ ಇದು. ಇದು ಒತ್ತುತ್ತಿತ್ತು, ಸಡಿಲಿಸುತ್ತಿತ್ತು, ಮತ್ತೆ ಒತ್ತುತ್ತಿತ್ತು. ಹೆಬ್ಬೆರಳು ಅವನ ನಾಡಿಯ ಮೇಲೆ ಮೆಲ್ಲಗೆ ಹಿಂದೆ ಮುಂದೆ ಆಡಿತು. ಏನು ಸಿಕ್ಕಿದರೂ ಹಿಡಿಯುವ ಕೈ ಹೀಗೆ ಸವರುವುದುಂಟೆ? ಅವನು ಈಗ ತಲೆಯೆತ್ತಿ ನೋಡಿದ. ಮೇಷ್ಟ್ರ ಕಣ್ಣು ಅವನ ಮುಖದ ಮೇಲೇ ಇತ್ತು, ಒದ್ದೆಯಾಗಿತ್ತು. ಆ ಕಾಯಿಲೆಯಲ್ಲಿ ಕಣ್ಣು ಸುಮ್ಮನೆಯೂ ಒದ್ದೆಯಾಗುತ್ತದೆಂದು ಅವನು ಕೇಳಿದ್ದ. ಬಾಯಿಯ ಚೆನ್ನಾಗಿದ್ದ ಅರ್ಧ ಏನನ್ನೋ ಮಾಡಲು ನೋಡುತ್ತಿತ್ತು. ನಗು ಇರಬಹುದು. ಬಂದೆಯಲ್ಲ ಎಂದಿರಬಹುದು. ಎರಡು ತಿಂಗಳು ಬಾಗಿಲು ನೋಡಿದ ಮನುಷ್ಯನಿಗೆ ಕೋಟು ಹೋದದ್ದು ಯಾವ ಲೆಕ್ಕ, ಒಬ್ಬ ಬಂದ, ಅಷ್ಟೇ ಸಾಕಿತ್ತೇನೋ. ಕೂತುಕೋ ಎನ್ನುತ್ತಿದೆ ಈ ಕೈ ಎಂದು ಅವನಿಗೆ ಸ್ಪಷ್ಟವಾಗಿ ಅರ್ಥವಾಯಿತು. ಪಕ್ಕದಲ್ಲೇ ಒಂದು ಸ್ಟೂಲು ಇತ್ತು. ಕೂರಲು ಏನೂ ಕಷ್ಟವಿರಲಿಲ್ಲ. ಅರ್ಧ ಗಂಟೆ ಕೂತು, ಕಿತ್ತಳೆಯ ಒಂದು ತೊಳೆ ಹಿಂಡಿ ರಸ ಕುಡಿಸಿ, ಹಿಮ ಬಿದ್ದ ದಿನದ ಕತೆಯನ್ನು ಅವರದೇ ಮಾತಿನಲ್ಲಿ ಅವರಿಗೆ ಹೇಳಬಹುದಿತ್ತು.

ಐದೂವರೆಯಾಗಿತ್ತು.

"ಆಮೇಲೆ ಬರ್ತೀನಿ ಮೇಷ್ಟ್ರೇ. ನಾಳೆ ಬರ್ತೀನಿ" ಎಂದ. ಕೈ ಬಿಡಲಿಲ್ಲ. "ತಡ ಆಗತ್ತೆ, ಬಾಗಿಲು ಹಾಕ್ಬಿಡ್ತಾರೆ." ದನಿಯಲ್ಲಿ ಸಣ್ಣ ಸಿಡುಕು ಬಂದದ್ದು ಅವನಿಗೇ ಕೇಳಿಸಿತು. ಮತ್ತೆ ಅದೇ ಕೆಲಸ, ಈ ಸಲ ಬೇಗ ಮುಗಿಯಿತು. ಆ ಕೈಯನ್ನು ಕಂಬಳಿಯ ಮೇಲಿಟ್ಟು, ಅದು ಮತ್ತೆ ಏಳುವ ಮೊದಲೇ ಎರಡು ಹೆಜ್ಜೆ ಹಿಂದೆ ಸರಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿ ಅವನ ಕೈಯಲ್ಲಿದ್ದ ಕೋಟನ್ನು ನೋಡಲಿಲ್ಲ, ಅವನ ಮಣಿಕಟ್ಟನ್ನು ನೋಡಿದರು. "ಟೀ ಇಟ್ಟಿದ್ದೆ" ಎಂದರು. "ಇನ್ನೊಂದಿನ ಅಮ್ಮಾ" ಎಂದು ಅವನು ಮೆಟ್ಟಿಲ ಕಡೆ ಕಾಲು ಕಿತ್ತ.

ಹಲ್ಲಿನ ಡಾಕ್ಟರ ಚಿಕಿತ್ಸಾಲಯದ ಮಹಡಿಯೇ ಮಂಡಳಿಯ ಕೋಣೆ. ಲವಂಗದೆಣ್ಣೆಯ ವಾಸನೆ ಕೆಳಗಿನಿಂದ ಮೇಲಕ್ಕೆ ಬರುತ್ತಿತ್ತು. ಕಪಾಟಿನ ಒಂದು ಕಡೆ ಸುಣ್ಣದ ದವಡೆಯಚ್ಚುಗಳು, ಇನ್ನೊಂದು ಕಡೆ ತಗಡಿನ ಸಿಪಾಯಿಗಳು. ನಡುವೆ ಮರಳು ತುಂಬಿದ ದೊಡ್ಡ ಮೇಜು, ಅದರ ಮೇಲೆ ಬೆರಳುದ್ದದ ಸೇತುವೆ. ಅವನು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಾಗ ಬೆಂಚಿನ ಮೇಲಿದ್ದ ವಕೀಲ ಕೋಟನ್ನು ನೋಡಿ, ಸೋತವನ ಹಾಗಲ್ಲ, ಬಸ್ಸು ತಪ್ಪಿಸಿಕೊಂಡವನ ಹಾಗೆ ತುಟಿ ಕಚ್ಚಿದ. ಒಳಗೆ ಇಪ್ಪತ್ತು ನೀಲಿ ಕೋಟುಗಳು ಎದ್ದು ನಿಂತವು. ತನಗಾಗಿ ಇಷ್ಟು ಜನ ಎದ್ದು ನಿಂತದ್ದು ಅವನಿಗೆ ನೆನಪಿರಲಿಲ್ಲ, ಅವನ ಮದುವೆಯಲ್ಲೂ ಎದ್ದಿರಲಿಲ್ಲ. ಕಹಳೆಯವರು, ಗೂನುಬೆನ್ನಿನ ಮುದುಕರು, ಕೋಟನ್ನು ತೆಗೆದುಕೊಂಡು ಅವನ ಹೆಗಲಿಗೆ ಹಾಕಿದರು. ತೋಳು ಗಿಡ್ಡವಾಯಿತು. ಮಣಿಕಟ್ಟಿನ ಮೇಲೆ ಮೇಷ್ಟ್ರ ಬೆರಳು ಮೂಡಿಸಿದ್ದ ಕೆಂಪು ಹೊರಗೇ ಉಳಿಯಿತು.

"ಕೈಯಾರೆ ಕೊಟ್ರಾ?" ಎಂದು ಹಲ್ಲಿನ ಡಾಕ್ಟರು ಕೇಳಿದರು. ಹೊಸಬರನ್ನು ಹೀಗೆ ಕೇಳುವುದು ಪದ್ಧತಿ. ಕೊಟ್ಟರು ಎಂದರೆ ಎಲ್ಲರೂ ಕೂರುತ್ತಾರೆ, ಮಾತು ಶುರುವಾಗುತ್ತದೆ. ಅವನು ಅದನ್ನೇ ಹೇಳಬೇಕೆಂದು ಬಾಯಿ ತೆರೆದ. ಎದುರಿನ ಗೋಡೆಯ ಮೇಲೆ ದಂಡನಾಯಕ ಕುದುರೆಯ ಮೇಲೆ ಕೂತು, ಅವನ ತಲೆಯ ಮೇಲಿಂದ ಬೇರೆಲ್ಲೋ ನೋಡುತ್ತಿದ್ದ.

"ಇಲ್ಲ" ಎಂದ ಅವನು. "ಕೊಡ್ಲಿಲ್ಲ. ಹಿಡ್ಕೊಂಡಿದ್ರು. ನಾನೇ ಬೆರಳು ಬಿಡಿಸಿ ಕಿತ್ಕೊಂಡು ಬಂದೆ."

ಹೇಳಿದ ಕೂಡಲೇ ಮೈ ಹಗುರಾಯಿತು. ಇನ್ನು ಹೊರಗೆ ಹಾಕುತ್ತಾರೆ, ಹಾಕಲಿ. ಈಗಲೇ ಓಡಿಹೋಗಿ ಈ ಕೋಟನ್ನು ಆ ಕೈಗೇ ಕೊಟ್ಟು, ಆ ಸ್ಟೂಲಿನ ಮೇಲೆ ಕೂರುತ್ತೇನೆ ಎಂದುಕೊಂಡ. ಅವನ ಬೆರಳು ಆಗಲೇ ಮೇಲಿನ ಗುಂಡಿಗೆ ಹೋಗಿತ್ತು. ಕೆಲವರು ಬೂಟಿನ ತುದಿ ನೋಡಿಕೊಂಡರು.

"ನಂಗೆ ಕೊಟ್ಟೋರು ಹಾಸಿಗೆ ಹಿಡಿದಿದ್ರು" ಎಂದರು ಕಹಳೆಯವರು ನಿಧಾನವಾಗಿ. "ನಿದ್ದೆಯಲ್ಲಿದ್ದಾಗ ತಲೆ ಕೆಳಗಿಂದ ಎಳ್ಕೊಂಡೆ."

"ನಂಗೆ ಮಗಳು ಕೊಟ್ಳು. ಅಳ್ತಾ ಕೊಟ್ಳು" ಎಂದರು ಬಾವುಟದವರು. "ಬೇಡ ಅಂತ ಒಂದು ಮಾತು ಅನ್ನಬೋದಿತ್ತು. ಅನ್ಲಿಲ್ಲ."

"ಕೋಟು ಯಾರೂ ಸುಮ್ನೆ ಕೊಡಲ್ಲ ಕಣ್ರೀ" ಎಂದರು ಹಲ್ಲಿನ ಡಾಕ್ಟರು. ಅವರು ಬಂದು ಅವನ ಬೆನ್ನು ತಟ್ಟಿದರು. ನೋವಿದ್ದ ಹಲ್ಲು ಕಿತ್ತಾದ ಮೇಲೆ ರೋಗಿಯ ಬೆನ್ನು ತಟ್ಟುವವರ ಕೈ ಅದು. "ನಿಜ ಹೇಳಿದ್ರಲ್ಲ, ಒಳ್ಳೇದಾಯ್ತು. ಮನಸ್ಸಲ್ಲಿ ಇಟ್ಕೋಬಾರ್ದು. ಅಷ್ಟೇನಾ?"

ಇಪ್ಪತ್ತು ಜನರೂ ಅವನನ್ನೇ ನೋಡುತ್ತಿದ್ದರು. ಕರುಣೆಯಿಂದ ನೋಡುತ್ತಿದ್ದರು, ತಮ್ಮವನೆಂಬ ಗುರುತಿನಿಂದ ನೋಡುತ್ತಿದ್ದರು. ಯಾರೋ ಅವನಿಗಾಗಿ ಕುರ್ಚಿಯೊಂದನ್ನು ಹಿಂದಕ್ಕೆಳೆದರು. ಅವನು ಗಿಡ್ಡ ತೋಳನ್ನು ಮಣಿಕಟ್ಟಿನ ಕೆಂಪು ಮುಚ್ಚುವಂತೆ ಕೆಳಕ್ಕೆ ಎಳೆದುಕೊಂಡ.

"ಅಷ್ಟೇ" ಎಂದ. ಕೂತ.